ಕಪಾಟಿನೊಳಗೆ ಗಾಳಿ ಎಲ್ಲಿಂದ ಬರುತ್ತೆ?

ಅವತ್ತು ರಾತ್ರಿ ನನ್ನ ಸುಪರ್ದಿಯಲ್ಲಿ ಎರಡು ಹುಳು ಮನೆಗಳಿದ್ದವು. ಒಂದು ನನ್ನ ಲ್ಯಾಪ್‌ಟಾಪಿನಲ್ಲಿ. ಇನ್ನೊಂದು ನಮ್ಮ ಮನೆಯ ಹಿಂದೆ, ತೆಂಗಿನ ಮರಗಳ ಪಕ್ಕದಲ್ಲಿ. ಮೊದಲನೆಯದರಲ್ಲಿ ಗೂಡಿನ ಗುಣಮಟ್ಟ 31ರಿಂದ 34ಕ್ಕೆ ಏರಿತು. ಎರಡನೆಯದರಲ್ಲಿ ಅಪ್ಪನ ಹದಿನಾರು ದಿನಗಳ ದುಡಿಮೆ ಕೆಟ್ಟಿತು. ಅದನ್ನು ಏರಿಸಿದ್ದೂ ನಾನೇ, ಇದನ್ನು ಕೆಡಿಸಿದ್ದೂ ನಾನೇ.

ನಮ್ಮದು ಕನಕಪುರದ ಕಡೆಯ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ಐದಾರು ಬೆಳೆ. ನನ್ನ ಶಾಲೆಯ ಫೀಸಿನಿಂದ ಹಿಡಿದು ಅಕ್ಕನ ಮದುವೆಯ ಶಾಮಿಯಾನದವರೆಗೆ ಎಲ್ಲವೂ ರೇಷ್ಮೆ ಗೂಡಿನ ದುಡ್ಡೇ. ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ ಎಂದು ಮನೆಗೆ ಬಂದು ಕುಳಿತಿದ್ದೆ. ಓದಿಗಿಂತ ಹೆಚ್ಚು ಹೊತ್ತು ಒಂದು ಆನ್‌ಲೈನ್ ಗೇಮ್‌ನಲ್ಲಿ ಕಳೆಯುತ್ತಿತ್ತು. ಆ ಗೇಮ್‌ನಲ್ಲೂ ನಾನು ಸಾಕುತ್ತಿದ್ದದ್ದು ರೇಷ್ಮೆ ಹುಳುವನ್ನೇ! ನಗಬೇಡಿ. ಊರಲ್ಲಿ ಸೊಪ್ಪು ಕೊಯ್ಯಲು ಕರೆದರೆ ಸೊಂಟ ನೋವು ಎನ್ನುತ್ತಿದ್ದವಳು, ಪರದೆಯ ಮೇಲೆ ಗಂಟೆಗಟ್ಟಲೆ ಸೊಪ್ಪು ಕೊಯ್ಯುತ್ತಿದ್ದೆ.

ಎಲ್ಲಕ್ಕೂ ಒಂದು ಅಂಕಿ

ಗೇಮ್‌ನ ಹೆಸರು ‘ಹೇವನ್ ಆ್ಯಂಡ್ ಹಾರ್ತ್’. ಸ್ವೀಡನ್ನಿನ ಇಬ್ಬರು ಸೇರಿ ಮಾಡಿದ್ದು, 2009ರಿಂದ ಇದೆ. ಹಾಸ್ಟೆಲ್ ರೂಂಮೇಟ್ ಒಬ್ಬಳು ಹುಚ್ಚು ಹಿಡಿಸಿದಳು. ಅದರಲ್ಲಿ ದೊಡ್ಡ ಕಥೆಯಿಲ್ಲ, ರಾಜಕುಮಾರಿಯನ್ನು ಬಿಡಿಸಿಕೊಂಡು ಬರುವ ಕೆಲಸವೂ ಇಲ್ಲ. ಕಾಡಿನಲ್ಲಿ ಬರಿಗೈಯಲ್ಲಿ ನಿಲ್ಲಿಸುತ್ತಾರೆ. ಮರ ಕಡಿದು, ಮಣ್ಣು ಅಗೆದು, ಬಿತ್ತಿ ಬೆಳೆದು ಬದುಕು ಕಟ್ಟಿಕೊಳ್ಳಬೇಕು.

ಆ ಲೋಕದಲ್ಲಿ ಪ್ರತಿ ವಸ್ತುವಿಗೂ ಗುಣಮಟ್ಟದ ಒಂದು ಅಂಕಿ ಇರುತ್ತದೆ. ಕಲ್ಲಿಗೆ, ನೀರಿಗೆ, ಮಣ್ಣಿಗೆ, ಎಲೆಗೆ, ಹುಳುವಿಗೆ. ಸಾಧಾರಣ ವಸ್ತುವಿನದು 10ರ ಆಸುಪಾಸು. ಅಲ್ಲಿಂದ ಮೇಲಕ್ಕೆ ಒಯ್ಯುವುದೇ ಆಟ.

ರೇಷ್ಮೆಯ ದಾರಿ ಹೀಗಿದೆ. ಮೊಟ್ಟೆಯನ್ನು ಗಿಡಮೂಲಿಕೆಯ ಮೇಜಿನ ಮೇಲಿಟ್ಟರೆ ಮರಿ ಹೊರಬರುತ್ತದೆ. ಮರಿಗಳನ್ನು ಕಪಾಟಿನೊಳಗೆ ಹಾಕಿ ಹಿಪ್ಪುನೇರಳೆ ಎಲೆ ತುಂಬಿಸಬೇಕು. ತಿಂದು ಬೆಳೆದು ಗೂಡು ಕಟ್ಟುತ್ತವೆ. ಆಮೇಲೆ ಎರಡು ದಾರಿ: ಗೂಡನ್ನು ಬೇಯಿಸಿ ಎಳೆ ತೆಗೆಯಬಹುದು, ಇಲ್ಲವೇ ಹಾಗೇ ಬಿಟ್ಟು ಪತಂಗ ಮಾಡಬಹುದು. ಗಂಡು ಹೆಣ್ಣು ಪತಂಗಗಳನ್ನು ಒಟ್ಟಿಗೆ ಇಟ್ಟರೆ ಮತ್ತೆ ಮೊಟ್ಟೆ.

ಅಂಕಿ ಏರುವುದಕ್ಕೆ ಎರಡು ಸೂತ್ರಗಳನ್ನು ಕಂಡುಕೊಂಡಿದ್ದೆ. ಮೊದಲನೆಯದು, ಕಡಿಮೆ ಇರುವುದು ಹೆಚ್ಚಿರುವುದನ್ನು ಕೆಳಕ್ಕೆ ಎಳೆಯುತ್ತದೆ. ಲೆಕ್ಕ ಸುಲಭವಾಗಲಿ ಎಂದು ಹೀಗೆ ಅಂದುಕೊಳ್ಳಿ: ಕಚ್ಚಾ ಸಾಮಗ್ರಿಯ ಅಂಕಿ 40, ಅದನ್ನು ಹದಮಾಡುವ ಸಲಕರಣೆಯದು 20. ಕೈಗೆ ಬರುವ ವಸ್ತು 40 ಆಗುವುದಿಲ್ಲ, ಎರಡರ ನಡುವೆ 30ಕ್ಕೆ ಇಳಿಯುತ್ತದೆ. ಮೊಟ್ಟೆ ಚೆನ್ನಾಗಿದ್ದು ಮೇಜು ಕಳಪೆಯಾದರೆ ನಷ್ಟ, ಮೇಜು ಚೆನ್ನಾಗಿದ್ದು ಎಲೆ ಕಳಪೆಯಾದರೂ ನಷ್ಟ.

ಎರಡನೆಯದು ಆಯ್ಕೆ. ಮೊಟ್ಟೆಯ ಅಂಕಿ ತಂದೆ ತಾಯಿ ಪತಂಗಗಳ ಅಂಕಿಯ ಹತ್ತಿರದಲ್ಲೇ ಇರುತ್ತದೆ, ಸ್ವಲ್ಪ ಮೇಲೆ ಇಲ್ಲವೇ ಕೆಳಗೆ. ಪ್ರತಿ ಸಲವೂ ಮೇಲಿನ ಗೂಡುಗಳನ್ನು ಬಿತ್ತನೆಗೆ ಎತ್ತಿಟ್ಟು, ಕೆಳಗಿನವನ್ನು ನೂಲಿಗೆ ಹಾಕಬೇಕು. ಆಸೆಗೆ ಬಿದ್ದು ಒಳ್ಳೆಯ ಗೂಡನ್ನೇ ಬೇಯಿಸಿದರೆ ಇವತ್ತಿನ ದಾರ ಚೆನ್ನಾಗಿರುತ್ತದೆ, ನಾಳೆಯ ಹುಳು ಅಲ್ಲೇ ನಿಲ್ಲುತ್ತದೆ. ತಾಳ್ಮೆಯಿಂದ ತಲೆಮಾರಿನ ಮೇಲೆ ತಲೆಮಾರು ಆರಿಸುತ್ತಾ ಹೋಗಿ 10ರಿಂದ 31ಕ್ಕೆ ಬಂದಿದ್ದೆ. ಆ ಅಂಕಿ ನೋಡಿದಾಗಲೆಲ್ಲ ಪರೀಕ್ಷೆ ಪಾಸಾದಷ್ಟೇ ಖುಷಿ.

‘ನೀವ್ಯಾಕೆ ಬಿತ್ತನೆ ಇಟ್ಕೊಳ್ಳಲ್ಲ?’

ಈ ಜ್ಞಾನೋದಯದ ಹುಮ್ಮಸ್ಸಿನಲ್ಲಿ ಒಂದು ದಿನ ಅಪ್ಪನಿಗೇ ಪಾಠ ಹೇಳಲು ಹೋದೆ. ನಮ್ಮ ಮನೆಯಲ್ಲಿ ಪ್ರತಿ ಬೆಳೆಗೂ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. (ರೇಷ್ಮೆ ಮನೆಯವರಲ್ಲದವರಿಗೆ: ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಾವು ‘ಜ್ವರ’ ಅನ್ನುತ್ತೇವೆ. ಒಂದು ಬೆಳೆಯಲ್ಲಿ ನಾಲ್ಕು ಜ್ವರ.)

‘ಪ್ರತಿ ಸಲ ದುಡ್ಡು ಕೊಟ್ಟು ಯಾಕಪ್ಪ ತರ್ತೀರಿ? ನಮ್ಮ ಗೂಡಲ್ಲೇ ಚೆನ್ನಾಗಿರೋ ನೂರು ಎತ್ತಿಟ್ಟು ಬಿತ್ತನೆ ಮಾಡ್ಕೋಬಹುದಲ್ಲ? ವರ್ಷದಿಂದ ವರ್ಷಕ್ಕೆ ಉತ್ತಮ ಆಗುತ್ತೆ’ ಅಂದೆ.

ಅಪ್ಪ ಸೊಪ್ಪಿನ ಹೊರೆ ಇಳಿಸಿ, ಟವೆಲ್‌ನಲ್ಲಿ ಕುತ್ತಿಗೆ ಒರೆಸಿಕೊಂಡು, ‘ಹಂಗಲ್ಲ ಕಣವ್ವ’ ಎಂದು ಶುರುಮಾಡಿದರು. ಅವರ ಸೋದರಮಾವ ಹಿಂದೊಮ್ಮೆ ಅದನ್ನೇ ಮಾಡಿದ್ದರಂತೆ. ಮಿಶ್ರತಳಿಯ ಒಳ್ಳೊಳ್ಳೆ ಹಳದಿ ಗೂಡು ಎತ್ತಿಟ್ಟು ಮೊಟ್ಟೆ ಮಾಡಿಸಿದರು. ಮುಂದಿನ ಬೆಳೆಯಲ್ಲಿ ಒಂದು ಹುಳು ಬೆರಳುದ್ದ, ಇನ್ನೊಂದು ಅರ್ಧ. ಒಂದು ಗೂಡು ಹಳದಿ, ಮತ್ತೊಂದು ಬಿಳಿ. ‘ಸಂತೇಲಿ ಸಿಕ್ಕಿದ್ದು ತಂದು ಸುರಿದಂಗಿತ್ತು’ ಎಂದರು ಅಪ್ಪ.

ಕೇಳುತ್ತಿದ್ದಂತೆ ನನ್ನ ಮುಖ ಸಣ್ಣದಾಯಿತು. ಇದು ನನಗೆ ಗೊತ್ತಿರಬೇಕಾದ ವಿಷಯ. ಐದು ಅಂಕದ ಪ್ರಶ್ನೆಯಾಗಿ ಬರೆದಿದ್ದೇನೆ ಕೂಡ! ನಮ್ಮ ರೈತರು ಸಾಕುವುದು ಸಂಕರ ಹುಳುವನ್ನು. ಹಳದಿ ಗೂಡಿನ ಮಿಶ್ರತಳಿ ಎಂದರೆ ಮೈಸೂರು ತಳಿಯ ತಾಯಿಗೂ ದ್ವಿತಳಿಯ ತಂದೆಗೂ ಹುಟ್ಟಿದ್ದು. ನಮ್ಮ ಮನೆಯ ಬಿಳಿ ಗೂಡು ಬೇರೆ ಬೇರೆ ದ್ವಿತಳಿಗಳನ್ನು ಸೇರಿಸಿ ಮಾಡಿದ ಸಂಕರ. ಸಂಕರದ ಕಸುವು ಮೊದಲ ತಲೆಮಾರಿಗೆ ಮಾತ್ರ. ಅದರಿಂದ ಮತ್ತೆ ಮೊಟ್ಟೆ ಮಾಡಿದರೆ ಅಜ್ಜ ಅಜ್ಜಿಯರ ಗುಣಗಳು ಚದುರಿ, ಒಂದೊಂದು ಹುಳು ಒಂದೊಂದು ಥರ ಆಗುತ್ತದೆ. ರೇಷ್ಮೆಯಲ್ಲಿ ಈ ಸಂಕರದ ಲಾಭವನ್ನು 20ನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟವರು ಜಪಾನಿನ ವಿಜ್ಞಾನಿ ಟೊಯಾಮಾ ಕಮೆಟಾರೊ.

ಇನ್ನೊಂದು ಕಾರಣ ರೋಗ. ಗಂಟುರೋಗ, ಅಂದರೆ ಪೆಬ್ರಿನ್, ತಾಯಿ ಪತಂಗದಿಂದ ಮೊಟ್ಟೆಗೆ ಇಳಿಯುತ್ತದೆ. 19ನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನೇ ಅದು ನೆಲಕಚ್ಚಿಸಿತ್ತು. 1865ರಲ್ಲಿ ಅದರ ಅಧ್ಯಯನಕ್ಕೆ ಹೋದ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಸರಳ: ಮೊಟ್ಟೆಯಿಟ್ಟ ಮೇಲೆ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಪತಂಗದ ಪರೀಕ್ಷೆ ನಡೆಯುತ್ತದೆ. ಮಾಗಡಿ, ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುವುದಕ್ಕೆಂದೇ ರೈತರಿದ್ದಾರೆ. ಅವರು ಶುದ್ಧ ಮೈಸೂರು ತಳಿಯನ್ನು ಕಾಪಾಡಿಕೊಂಡು ಬಂದದ್ದರಿಂದಲೇ ಮಿಕ್ಕವರಿಗೆ ಮಿಶ್ರತಳಿ ಸಿಗುತ್ತದೆ.

ಗೇಮ್‌ನಲ್ಲಿ ಮೊಟ್ಟೆಯೂ ನನ್ನದೇ, ಎಲೆಯೂ ನನ್ನದೇ, ಏರಿದ ಅಂಕಿಯೂ ನನ್ನದೇ. ಇಲ್ಲಿ ಅಪ್ಪ ಹುಳುವಿಗೆ ಕೈಹಾಕುವ ಮೊದಲೇ ಎಷ್ಟೋ ಜನರ ಕೈ ಬಿದ್ದಿರುತ್ತದೆ.

ಮಳೆ ಬಂದ ರಾತ್ರಿ

ಕಳೆದ ಅಕ್ಟೋಬರ್ ಬೆಳೆ. 150 ಮೊಟ್ಟೆಯ ಹುಳು ತಂದಿದ್ದೆವು. ಹೊರಗಿನವರಿಗೆ ಇದೂ ಗೊಂದಲ: ಇಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಪತಂಗ ಇಟ್ಟ ಅಷ್ಟೂ ಮೊಟ್ಟೆ, ಸುಮಾರು 400ರಿಂದ 500. ಅಲ್ಲಿಗೆ ನಮ್ಮ ಮನೆಯಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಹುಳು.

ಬೆಳೆ ಚೆನ್ನಾಗಿ ಬಂದಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಸಿದ ಮಗುವಿನ ಹಾಗೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚನ್ನು ಈ ಕೊನೆಯ ಆರೇಳು ದಿನದಲ್ಲೇ ತಿನ್ನುತ್ತದೆ. ರಾತ್ರಿ ಹುಳು ಮನೆ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಮೇಯುವ ಸದ್ದು. ಅಪ್ಪ ಆ ಸದ್ದು ಕೇಳಿಯೇ ಬೆಳೆ ಹೇಗಿದೆ ಎಂದು ಹೇಳುತ್ತಾರೆ.

ಹುಳು ಹಣ್ಣಾಗಿ ಮೈಯೆಲ್ಲ ಬೆಳಕು ತೂರುವ ಹಾಗೆ ಆದ ದಿನ, ಎಲ್ಲರೂ ಸೇರಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಅಮ್ಮ ಅಕ್ಕನ ಬಾಣಂತನಕ್ಕೆ ಮಂಡ್ಯಕ್ಕೆ ಹೋಗಿದ್ದರು. ಅಷ್ಟರಲ್ಲಿ ಅಪ್ಪನಿಗೆ ನೆಂಟರ ಸಾವಿನ ಸುದ್ದಿ ಬಂತು. ಹೊರಡುವಾಗ ಎರಡೇ ಮಾತು ಹೇಳಿದರು: ‘ಇನ್ನು ಸೊಪ್ಪು ಹಾಕೋ ಕೆಲಸ ಇಲ್ಲ. ಕಿಟಕಿ ಮಾತ್ರ ಮುಚ್ಚಬ್ಯಾಡ.’

ರಾತ್ರಿ ಒಂಬತ್ತಕ್ಕೆ ಮಳೆ ಹಿಡಿಯಿತು. ಗಾಳಿಗೆ ಇರಚಲು ಒಳಗೆ ಬರತೊಡಗಿತು. ಹುಳು ನೆನೆದರೆ, ಚಳಿ ಹಿಡಿದರೆ? ಅಪ್ಪನ ಮಾತು ಮಳೆಯಿಲ್ಲದ ಹೊತ್ತಿನದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಿಟಕಿಗಳನ್ನೆಲ್ಲ ಮುಚ್ಚಿದೆ. ಸಾಲದು ಎಂದು ಟಾರ್ಪಾಲು ಬೇರೆ ಇಳಿಬಿಟ್ಟೆ. ಭದ್ರವಾಯಿತು ಎಂದುಕೊಂಡು ಬಂದು ಲ್ಯಾಪ್‌ಟಾಪ್ ತೆರೆದೆ. ಗೇಮ್‌ನಲ್ಲೂ ಹುಳುಗಳು ಗೂಡು ಕಟ್ಟುವ ಹೊತ್ತು. ಅಲ್ಲಿ ಈ ಹಂತದಲ್ಲಿ ಚಿಂತೆಯೇ ಇಲ್ಲ. ಎಲೆ ತುಂಬಿಸಿ ಕಪಾಟು ಮುಚ್ಚಿದರೆ ಮುಗಿಯಿತು, ಲಾಗ್ ಔಟ್ ಆಗಿ ಮಲಗಬಹುದು. ನಾನು ಹಾಗೇ ಮಾಡಿದೆ, ಎರಡೂ ಕಡೆ.

ಮಾರನೇ ದಿನ ಮಧ್ಯಾಹ್ನ ಅಪ್ಪ ಬಂದು ಬಾಗಿಲು ತೆಗೆದಾಗ ಒಳಗಿನಿಂದ ಬಿಸಿ ಮುಗ್ಗಲು ಗಾಳಿ ಮುಖಕ್ಕೆ ಹೊಡೆಯಿತು. ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಮೈಯೊಳಗಿನ ನೀರನ್ನೆಲ್ಲ ಹೊರಹಾಕುತ್ತದೆ. ಅರವತ್ತು ಸಾವಿರ ಹುಳುಗಳ ತೇವ, ಮಳೆಗಾಲದ ತೇವ, ಎರಡಕ್ಕೂ ಹೊರಹೋಗಲು ದಾರಿಯಿರಲಿಲ್ಲ. ಗೂಡು ಕಟ್ಟುವಾಗ ಗಾಳಿಯಲ್ಲಿನ ತೇವಾಂಶ ಶೇ 60ರಿಂದ 70ರಷ್ಟಿದ್ದು, ಗಾಳಿ ಆಡುತ್ತಿರಬೇಕು. ಹುಳು ಬಿಡುವ ಎಳೆಗೆ ಅಂಟು ಇರುತ್ತದೆ. ಅದು ಬೇಗ ಒಣಗದಿದ್ದರೆ ಎಳೆ ಎಳೆಗೆ ಗಟ್ಟಿಯಾಗಿ ಅಂಟಿಕೊಂಡು, ಆಮೇಲೆ ಬಿಚ್ಚುವಾಗ ಪದೇ ಪದೇ ಹರಿಯುತ್ತದೆ.

ಅಪ್ಪ ಏನೂ ಅನ್ನಲಿಲ್ಲ. ಒಂದೊಂದೇ ಕಿಟಕಿ ತೆಗೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರುಕಟ್ಟೆಯಲ್ಲಿ ಕಂಡ ಅಂಕಿ

ಏಳನೇ ದಿನ ಗೂಡು ಬಿಡಿಸಿ ರಾಮನಗರಕ್ಕೆ ಹೋದೆವು. ಏಷ್ಯಾದಲ್ಲೇ ದೊಡ್ಡ ಗೂಡು ಮಾರುಕಟ್ಟೆ ಎಂದು ನಾವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದುವುದು ಇದನ್ನೇ. ಅಲ್ಲಿ ಹೀಗೆ ನಿಂತದ್ದು ನನಗೆ ಅದೇ ಮೊದಲು. ಸುಮಾರು 100 ಕೆಜಿ ಗೂಡು. ತೂಕಕ್ಕೆ ಮೋಸವಿರಲಿಲ್ಲ. ದೂರದಿಂದ ನೋಡಿದರೆ ನಮ್ಮದೂ ಬಿಳಿ, ಪಕ್ಕದವರದೂ ಬಿಳಿ.

ಹರಾಜು ಈಗ ಮೊಬೈಲ್‌ನಲ್ಲಿ ನಡೆದರೂ ರೀಲರ್‌ಗಳು ಬಂದು ಗೂಡನ್ನು ಕೈಯಲ್ಲಿ ನೋಡಿಯೇ ಬೆಲೆ ಹಾಕುವುದು. ಒಬ್ಬರು ನಮ್ಮ ರಾಶಿಯೊಳಗೆ ಮೊಣಕೈವರೆಗೆ ಕೈಹಾಕಿ ಅಡಿಯ ಗೂಡು ತೆಗೆದರು. ಬೆರಳಲ್ಲಿ ಒತ್ತಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಲೆಯಾದ ನಾಲ್ಕು ಗೂಡು ಆರಿಸಿ ಮೇಲಿಟ್ಟರು. ‘ಸಾಕಿರೋದು ಚೆನ್ನಾಗಿ ಸಾಕಿದ್ದೀರ ಗೌಡ್ರೇ. ಕಟ್ಟೋವಾಗ ಗಾಳಿ ಸಾಲಲಿಲ್ವೇನೋ’ ಅಂದರು. ನನ್ನ ಎದೆ ಧಸಕ್ಕೆಂದಿತು. ಅಲ್ಲಿದ್ದವರಿಗೆ ಯಾರಿಗೂ ಹೇಳದ ಗುಟ್ಟು ಗೂಡಿನ ಮೇಲೆ ಬರೆದಿಟ್ಟಂತಿತ್ತು.

ಅವರ ಲೆಕ್ಕವೂ ಅಂಕಿಯದೇ. ಒಂದು ಕೆಜಿ ಕಚ್ಚಾ ರೇಷ್ಮೆಗೆ ಎಷ್ಟು ಕೆಜಿ ಗೂಡು ಬೇಕು ಎನ್ನುವುದು ರೆಂಡಿಟ್ಟಾ. ಒಳ್ಳೆಯ ದ್ವಿತಳಿ ಗೂಡಾದರೆ ಆರು, ಆರೂವರೆ ಕೆಜಿ ಸಾಕು. ಎಳೆ ಹರಿಯುತ್ತಿದ್ದರೆ ಅದೇ ಗೂಡು ಏಳು, ಎಂಟು ಕೆಜಿ ಬೇಕಾಗುತ್ತದೆ. ಒಳ್ಳೆಯ ಗೂಡಿನಲ್ಲಿ ಒಂದು ಕಿಲೊಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಅದು ನಡುವೆ ಹರಿದಷ್ಟೂ ರೀಲರ್‌ಗೆ ಕೂಲಿ ಹೆಚ್ಚು, ನೂಲು ಕಡಿಮೆ. ಆ ನಷ್ಟವನ್ನು ಅವರು ಮೊದಲೇ ಬೆಲೆಯಲ್ಲಿ ಕಳೆದುಬಿಡುತ್ತಾರೆ.

ಪಕ್ಕದ ಲಾಟಿಗಿಂತ ನಮಗೆ ಕೆಜಿಗೆ 120 ರೂಪಾಯಿ ಕಡಿಮೆ ಬಿತ್ತು. ಒಟ್ಟು 12 ಸಾವಿರ. ನಾನು ಸೇರಬೇಕೆಂದಿದ್ದ ಕೋಚಿಂಗ್‌ನ ಮೊದಲ ಕಂತು ಹೆಚ್ಚುಕಡಿಮೆ ಅಷ್ಟೇ ಇತ್ತು. ಅಪ್ಪ ಬಸ್ಸಿನಲ್ಲಿ, ‘ಮುಂದಿನ ಬೆಳೇಲಿ ಕಟ್ಟಿದ್ರಾಯ್ತು ಬುಡವ್ವ’ ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಮೊಟ್ಟೆ ಚೆನ್ನಾಗಿತ್ತು. ಚಾಕಿ ಕೇಂದ್ರದವರು ಅದನ್ನು 27-28 ಡಿಗ್ರಿ ಶಾಖದಲ್ಲಿ ಎಳೆ ಸೊಪ್ಪು ಕೊಟ್ಟು ಚೆನ್ನಾಗಿಯೇ ಬೆಳೆಸಿದ್ದರು. ಸೊಪ್ಪು ಚೆನ್ನಾಗಿತ್ತು. ಪ್ರತಿ ಜ್ವರದಲ್ಲೂ ಅಪ್ಪ ಸುಣ್ಣದ ಪುಡಿ ಉದುರಿಸಿ, ಎಲ್ಲ ಹುಳು ಏಳುವವರೆಗೆ ಮೇವು ಹಾಕದೆ ಕಾದಿದ್ದರು. ಅಷ್ಟೂ ಜನರ 40ನ್ನು ನನ್ನ ಒಂದು ರಾತ್ರಿಯ 20 ಕೆಳಕ್ಕೆ ಎಳೆದಿತ್ತು. ಗೇಮ್‌ನ ಮೊದಲ ಸೂತ್ರ ನನಗೆ ಬಾಯಿಪಾಠವಾಗಿತ್ತು. ಆದರೆ ಕೆಳಕ್ಕೆ ಎಳೆಯುವ ಆ ಕಳಪೆ ಸಲಕರಣೆ ನಾನೇ ಆಗಿರಬಹುದು ಎಂದು ಹೊಳೆದೇ ಇರಲಿಲ್ಲ.

ಮತ್ತೊಂದೂ ಅರ್ಥವಾಯಿತು. ಗೇಮ್‌ನಲ್ಲಿ ಮೊಟ್ಟೆಯ ಮೇಲೆ ಮೌಸ್ ಇಟ್ಟರೆ ಅದರ ಅಂಕಿ ಕಾಣುತ್ತದೆ, ಹುಳುವಿನದೂ ಕಾಣುತ್ತದೆ. ಎಲ್ಲಿ ತಪ್ಪಿತು ಎಂದು ಆಗಲೇ ತಿಳಿಯುತ್ತದೆ. ಹುಳು ಮನೆಯಲ್ಲಿ ಹಾಗಿಲ್ಲ. ಬೆಲೆ ಗೊತ್ತಾಗುವುದು ಕೊನೆಯ ದಿನ ಮಾರುಕಟ್ಟೆಯಲ್ಲಿ. ಅಷ್ಟು ಹೊತ್ತಿಗೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಅಪ್ಪ ದಿನವಿಡೀ ಮುಟ್ಟಿ ನೋಡುತ್ತಾರೆ, ಮೂಸುತ್ತಾರೆ, ಕಿವಿಗೊಡುತ್ತಾರೆ. ಸೊಪ್ಪಿನ ಬಾಡು, ಹಾಸಿನ ತೇವ, ಮೇಯುವ ಸದ್ದು ಇವೇ ಅವರ ಅಂಕಿಗಳು. ಪರೀಕ್ಷೆಗೆ ಓದುವ ನಮ್ಮಂಥವರ ಪಾಡೂ ಇದೇ ಅಲ್ಲವೇ? ಅಂಕಿ ಕಾಣುವುದು ಫಲಿತಾಂಶದ ದಿನ ಮಾತ್ರ.

ಅಪ್ಪನ ಪ್ರಶ್ನೆ

ಮುಂದಿನ ಬೆಳೆಗೆ ನಾನೇ ಹುಳು ಮನೆಗೆ ಇಳಿದೆ. ಬೆಳಿಗ್ಗೆ ಎರಡು ತಾಸು ಸೊಪ್ಪು, ಆಮೇಲೆ ಓದು. ಗೋಡೆಗೆ ಒಂದು ತಾಪಮಾಪಕ, ಒಂದು ತೇವಾಂಶ ಮಾಪಕ ನೇತುಹಾಕಿ, ದಿನಕ್ಕೆ ಮೂರು ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಮೊದಮೊದಲು ಅಪ್ಪ ನಕ್ಕರು. ಒಂದು ಸಂಜೆ ಅವರು ‘ಯಾಕೋ ಒಳಗೆ ಬಿಗೀತಾ ಐತೆ’ ಎಂದಾಗ ನೋಡಿದರೆ ಮಾಪಕದಲ್ಲಿ ತೇವಾಂಶ ಶೇ 82. ಆಮೇಲೆ ಅವರು ಮೊದಲು ಅಂದಾಜು ಹೇಳುವುದು, ನಾನು ಮಾಪಕ ನೋಡುವುದು ನಮ್ಮಿಬ್ಬರ ಆಟವಾಯಿತು. ಬಹಳಷ್ಟು ಸಲ ಅವರೇ ಗೆಲ್ಲುತ್ತಾರೆ.

ಗೇಮ್‌ನಲ್ಲಿ ಅಂಕಿ ಹುಳುವಿನೊಳಗೆ ಕೂಡುತ್ತಾ ಹೋಗುತ್ತದೆ. ನಮ್ಮಲ್ಲಿ ಪ್ರತಿ ಬೆಳೆಯ ಹುಳುವೂ ಹೊಸದು, ಹೋದ ಬೆಳೆಯ ಪುಣ್ಯ ಅದಕ್ಕೆ ಬರುವುದಿಲ್ಲ. ಕೂಡುತ್ತಾ ಹೋಗುವುದು ಸಾಕುವವರಲ್ಲಿ. ಅಪ್ಪನದು ಮೂವತ್ತು ವರ್ಷದ್ದು. ನನ್ನದು ಈಗಷ್ಟೇ 10ರಿಂದ ಮೇಲೆ ಹೊರಟಿದೆ.

ಆ ಬೆಳೆಯ ಗೂಡಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು. ಕೋಚಿಂಗ್‌ನ ಕಂತು ಕಟ್ಟಿದ ದಿನ ರಾತ್ರಿ ಅಪ್ಪ ಪಕ್ಕದಲ್ಲಿ ಕುಳಿತು, ‘ಅದೇನೋ ಹುಳ ಸಾಕ್ತೀಯಂತಲ್ಲ, ತೋರ್ಸು’ ಎಂದರು. ತೋರಿಸಿದೆ. ಮೊಟ್ಟೆ, ಮೇಜು, ಎಲೆ ತುಂಬಿದ ಕಪಾಟು, 34 ಎನ್ನುವ ಅಂಕಿ, ಎಲ್ಲವನ್ನೂ ಹೆಮ್ಮೆಯಿಂದ ವಿವರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದರು. ಕಪಾಟಿನ ಮೇಲೆ ಬೆರಳಿಟ್ಟು ಕೇಳಿದರು:

‘ಎಲ್ಲಾ ಸರಿ ಕಣವ್ವ. ಇದ್ರೊಳಕ್ಕೆ ಗಾಳಿ ಎಲ್ಲಿಂದ ಬರ್ತದೆ?’